ಪದಚರ್ಚೆ: ಸೋಲ್ಡರಿಂಗ್ ಬಿಟ್ ‘ಸ್ವಚ್ಛ’ವಾಗಿದೆ ಎಂದರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಸೋಲ್ಡರಿಂಗ್ (ಸೋಲ್ಡರ್ ಎಂಬ ತವರದ ಮಿಶ್ರಲೋಹ ಕರಗಿಸಿ ಬಿಡಿಭಾಗ ಬೆಸೆಯುವುದು) ಕಲಿಯುವವರ ಕೈಪಿಡಿಯೊಂದರ ಕನ್ನಡ ಕರಡಿನಲ್ಲಿ ಈ ಸಾಲಿದೆ: ‘ಬಿಟ್‌ನ ತುದಿಯನ್ನು ಸದಾ ಸ್ವಚ್ಛವಾಗಿಯೂ ತವರಲೇಪಿತವಾಗಿಯೂ ಇಟ್ಟುಕೊಳ್ಳಬೇಕು.’ ಬಿಟ್ ಎಂದರೆ ಬೆಸುಗೆ ಹಾಕುವ ಉಪಕರಣದ ಕಾಯುವ ಮೊನೆ. ಓದಿದವರು ಗೊಂದಲಕ್ಕೆ ಬಿದ್ದಿದ್ದಾರೆ. ಸ್ವಚ್ಛ ಮಾಡಿದ ಮೇಲೆ ತವರ ಎಲ್ಲಿ ಉಳಿಯಿತು? ತವರ ಉಳಿದಿದ್ದರೆ ಸ್ವಚ್ಛ ಹೇಗಾಯಿತು? ‘ತವರಲೇಪಿತ’ದ ಬದಲು ‘ಕಲಾಯಿ’ ಎಂದರೆ ನಡೆಯುತ್ತದೆಯೇ? ಫ್ಲಕ್ಸ್‌ಗೆ (ಬೆಸುಗೆಯಲ್ಲಿ ಲೋಹದ ಮೇಲಿನ ಕಿಲುಬು ಬಿಡಿಸುವ ವಸ್ತು) ಕನ್ನಡದ ಮಾತು ಇದೆಯೇ? ಕರಗಿದ ಸೋಲ್ಡರ್ ಲೋಹದ ಮೇಲೆ ಹರಡಿ ಅಂಟಿಕೊಳ್ಳುವುದನ್ನು ಕರಡಿನಲ್ಲಿ ‘ಒದ್ದೆಯಾಗುವುದು’ ಎಂದು ಬರೆದಿದೆ, ಅದೂ ಸರಿ ಕಾಣುತ್ತಿಲ್ಲ. ಬಲ್ಲವರು ತಿಳಿಸಬೇಕು.

—

ಮೇಡಂ, ಓದಿದವರ ತಪ್ಪಿಲ್ಲ. ‘ಸ್ವಚ್ಛ’ ಅಂದಕೂಡಲೇ ನಮಗೆ ಹೊಳೆಯುವುದು ಏನೂ ಅಂಟಿಕೊಂಡಿರದ ಬರಿ ಮೈ. ಬಿಟ್‌ಗೆ ಅದೇ ಕೇಡು.

ಬಿಟ್‌ನ ಒಡಲು ತಾಮ್ರ, ಶಾಖ ಬೇಗ ತುದಿಗೆ ಬರಲಿ ಎಂದು. ಆದರೆ ತಾಮ್ರ ಕರಗಿದ ತವರದಲ್ಲಿ ಸ್ವಲ್ಪ ಸ್ವಲ್ಪವೇ ಸವೆದುಹೋಗುತ್ತದೆ, ಹಾಗಾಗಿ ಮೇಲೆ ಕಬ್ಬಿಣದ ತೆಳು ಲೇಪ ಕೊಟ್ಟಿರುತ್ತಾರೆ. ತುದಿಯ ಹಿಂಭಾಗಕ್ಕೆ ಕ್ರೋಮಿಯಂ, ಸೋಲ್ಡರ್ ಮೇಲಕ್ಕೆ ಏರದಿರಲೆಂದು. 350 ಡಿಗ್ರಿ ಕಾದ ಕಬ್ಬಿಣ ಗಾಳಿಗೆ ಬರಿದಾಗಿ ನಿಂತರೆ ಬೇಗ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಸೋಲ್ಡರ್ ಕೆಸುವಿನೆಲೆಯ ನೀರಿನಂತೆ ಗುಂಡಾಗಿ ಉರುಳಿ ಬೀಳುತ್ತದೆ, ಶಾಖವೂ ಸರಿಯಾಗಿ ದಾಟುವುದಿಲ್ಲ. ಮೇಲೊಂದು ಪದರ ಸೋಲ್ಡರ್ ಇದ್ದರೆ ಗಾಳಿಯ ಪೆಟ್ಟು ಅದಕ್ಕೆ ಬೀಳುತ್ತದೆ, ಕಬ್ಬಿಣ ಉಳಿಯುತ್ತದೆ. ಅಂದರೆ ಕೈಪಿಡಿಯ ಎರಡು ಮಾತು ಒಂದೇ ಸ್ಥಿತಿಯನ್ನು ಹೇಳುತ್ತಿವೆ: ಸುಟ್ಟ ಕಸ ಇಲ್ಲ, ಬೆಳ್ಳಗೆ ಹೊಳೆಯುವ ತವರದ ಪದರ ಇದೆ.

ನಾನಾದರೆ ನಾಮಪದಕ್ಕಿಂತ ಕ್ರಿಯಾಪದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತೇನೆ. ಕೈಪಿಡಿ ಓದುವವನು ಕ್ರಿಯಾಪದ ಹೇಳಿದ್ದನ್ನೇ ಮಾಡುತ್ತಾನೆ. ‘ಉಜ್ಜಿ’ ಎಂದು ಬರೆದರೆ ಉಪ್ಪುಕಾಗದ ಹುಡುಕುತ್ತಾನೆ, ‘ಕೆರೆದು’ ಎಂದರೆ ಚಾಕು ಅಥವಾ ಅರ. ಒಂದು ಸಲ ಅರ ತಾಗಿ ಕಬ್ಬಿಣದ ಲೇಪ ಹೋಯಿತೋ, ಒಳಗಿನ ತಾಮ್ರ ಕರಗಿ ತುದಿಯಲ್ಲಿ ಗುಳಿ ಬೀಳುತ್ತದೆ. ಆ ಬಿಟ್ ಎಸೆಯಬೇಕಷ್ಟೆ. ಲೇಪವಿಲ್ಲದ ಹಳೆಯ ಬರಿ ತಾಮ್ರದ ಬಿಟ್‌ಗಳನ್ನು ಮಾತ್ರ ಅರದಿಂದ ಸರಿ ಮಾಡುವುದು ವಾಡಿಕೆ, ‘ಕೆರೆ’ ಅಲ್ಲಿಂದ ಉಳಿದುಬಂದ ಮಾತಿರಬಹುದು. ಸ್ಪಂಜಿಗೆ ‘ಒರೆಸು’ ಎನ್ನಿ: ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಸ್ಪಂಜು, ಒಂದೇ ಸಲ ಹಗುರಾಗಿ. ನೀರು ತೊಟ್ಟಿಕ್ಕುವಂತಿದ್ದರೆ ತುದಿ ತಟ್ಟನೆ ತಣಿಯುತ್ತದೆ, ಪದೇ ಪದೇ ಹಾಗಾದರೆ ಲೇಪ ಬಿರುಕು ಬಿಡುತ್ತದೆ. ಹಿತ್ತಾಳೆಯ ಸುರುಳಿ ನಾರಿಗೆ ‘ಚುಚ್ಚಿ ತೆಗೆ’ ಎನ್ನಿ. ಅದರಲ್ಲಿ ತುದಿ ಅಷ್ಟು ತಣಿಯುವುದಿಲ್ಲ, ತವರದ ತೆಳು ಪದರವೂ ಉಳಿಯುತ್ತದೆ.

ಇನ್ನೊಂದು, ಯಾವಾಗ ಒರೆಸಬೇಕು ಎನ್ನುವುದು ಸಾಲಿನಲ್ಲಿ ಇರಲೇಬೇಕು. ಬೆಸುಗೆ ಹಾಕುವ ಮುಂಚೆ ಒರೆಸುವುದು, ಸ್ಟ್ಯಾಂಡಿಗೆ ಇಡುವ ಮುಂಚೆ ಸೋಲ್ಡರ್ ಹಚ್ಚುವುದು. ಬಹಳ ಜನ ಒರೆಸಿ ಸ್ಟ್ಯಾಂಡಿಗೆ ಇಡುತ್ತಾರೆ, ಅಚ್ಚುಕಟ್ಟು ಎಂದುಕೊಂಡು.

‘ಕಲಾಯಿ’ ನನಗೆ ಇಷ್ಟ. ಅರಬಿಯಲ್ಲಿ ಮೂಲಪದಕ್ಕೆ ತವರ ಎಂದೇ ಅರ್ಥ, ಕೆಲಸವೂ ಅದೇ: ಲೋಹವನ್ನು ಕಾಯಿಸಿ, ಮೇಲಿನ ಕಿಲುಬು ಬಿಡಿಸಿ, ತವರ ಹಿಡಿಸುವುದು. ಆದರೆ ಕಲಾಯಿ ಎಂದರೆ ಯಾವಾಗಲೋ ಒಮ್ಮೆ ಮಾಡಿಸುವಂಥದು. ಹೊಸ ಬಿಟ್ಟಿಗೆ ಮೊದಲ ಬಾರಿ, ಇಲ್ಲವೇ ಕಪ್ಪಾದುದನ್ನು ಸರಿಪಡಿಸುವಾಗ ‘ಕಲಾಯಿ ಹಿಡಿಸು’ ಎನ್ನಿ. ದಿನದ ಕೆಲಸಕ್ಕೆ ‘ಸೋಲ್ಡರ್ ಹಚ್ಚಿಡು’ ಸಾಕು.

‘ಒದ್ದೆ’ ಬೇಡವೇ ಬೇಡ, ಪಕ್ಕದಲ್ಲೇ ಒದ್ದೆ ಸ್ಪಂಜು ಇದೆ! ‘ಹಿಡಿ’ ಎನ್ನಿ. ಬಟ್ಟೆಗೆ ಬಣ್ಣ ಹಿಡಿಯುವ ಹಾಗೆ ಪ್ಯಾಡಿಗೆ (ಸರ್ಕ್ಯೂಟ್ ಬೋರ್ಡಿನ ಮೇಲಿನ ತಾಮ್ರದ ಬಿಲ್ಲೆಗೆ) ಸೋಲ್ಡರ್ ಹಿಡಿಯುತ್ತದೆ, ಇಲ್ಲವೇ ಹಿಡಿಯುವುದಿಲ್ಲ.

—

ಮೇಲಿನವರ ಮಾತಿಗೆ ಸೇರಿಸುವುದು ಸ್ವಲ್ಪ.

ರಿಪೇರಿ ಮೇಜಿನಲ್ಲಿ ಫ್ಲಕ್ಸ್‌ಗೆ ‘ಪೇಸ್ಟ್’ ಅನ್ನುತ್ತಾರೆ, ಸೋಲ್ಡರ್ ತಂತಿಗೆ ‘ಲೆಡ್’, ಅದರಲ್ಲಿ ಸೀಸ ಇರಲಿ ಬಿಡಲಿ. ಆಡಲು ಸಲೀಸು, ಬರೆಯಲು ಅಪಾಯ. ಸೋಲ್ಡರ್ ಪೇಸ್ಟ್ ಎಂಬ ಬೇರೆಯೇ ವಸ್ತು ಇದೆ, ಅದರಲ್ಲಿ ಸೋಲ್ಡರ್‌ನ ಪುಡಿಯೂ ಕಲೆತಿರುತ್ತದೆ. ಇನ್ನು ‘ಸೀಸವಿಲ್ಲದ ಲೆಡ್’ ಎಂದು ಬರೆಯುವುದಂತೂ ನಗೆಪಾಟಲು. 63 ಪಾಲು ತವರ, 37 ಪಾಲು ಸೀಸದ ತಂತಿ 183 ಡಿಗ್ರಿಗೆ ಕರಗುತ್ತದೆ, ತವರ-ಬೆಳ್ಳಿ-ತಾಮ್ರದ್ದು ಸುಮಾರು 217ಕ್ಕೆ. ಬಿಟ್‌ನ ಶಾಖ ಮೊದಲನೆಯದಕ್ಕೆ 320–350, ಎರಡನೆಯದಕ್ಕೆ 350–380 ಇಡುವುದರಿಂದ ಎರಡೂ ಬೇರೆ ಎಂದು ಹೆಸರೇ ಹೇಳಬೇಕು.

ಫ್ಲಕ್ಸ್‌ಗೆ ‘ಬಿಳಿಗಾರ’ ಸೂಚಿಸುವವರಿದ್ದಾರೆ. ಅಕ್ಕಸಾಲಿಗರ ಬಿಳಿಗಾರ ಕೆಲಸ ಮಾಡುವುದು 700 ಡಿಗ್ರಿ ದಾಟಿದ ಬೆಸುಗೆಯಲ್ಲಿ, ಇಲ್ಲಿ ಅದು ಕರಗುವುದೂ ಇಲ್ಲ. ಕಲಾಯಿಯ ‘ನವಸಾಗರ’ವೂ ಬೇಡ: ಕಾದಾಗ ಆಮ್ಲ ಬಿಟ್ಟು ಕಿಲುಬು ತಿನ್ನುತ್ತದೆ ನಿಜ, ಆದರೆ ಉಳಿಕೆ ಬೋರ್ಡಿನ ತಾಮ್ರವನ್ನೂ ತಿನ್ನುತ್ತದೆ. ಸರ್ಕ್ಯೂಟ್ ಕೆಲಸದ್ದು ಹೆಚ್ಚಾಗಿ ರಾಳ. ‘ರಾಳದ ಫ್ಲಕ್ಸ್’ ಎಂದರೆ ಯಾರಿಗೂ ಗೊಂದಲವಿಲ್ಲ.

—

ಇಬ್ಬರಿಗೂ ಧನ್ಯವಾದ. ಹೀಗೆ ತಿದ್ದಿದ್ದೇನೆ:

‘ಬೆಸುಗೆ ಹಾಕುವ ಮುಂಚೆ ತುದಿಯನ್ನು ಹಿಂಡಿದ ಸ್ಪಂಜಿನ ಮೇಲೆ ಒಮ್ಮೆ ಒರೆಸಿ. ಪ್ಯಾಡಿಗೂ ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ ಒಂದು ಸೆಕೆಂಡ್ ಕಾಯಿಸಿ. ತಂತಿಯನ್ನು ಬಿಟ್‌ಗಲ್ಲ, ಸಂದಿಗೆ ಕೊಡಿ. ಸೋಲ್ಡರ್ ಹಿಡಿದ ಮೇಲೆ ಮೊದಲು ತಂತಿ, ಆಮೇಲೆ ಬಿಟ್ ತೆಗೆಯಿರಿ. ಸ್ಟ್ಯಾಂಡಿಗೆ ಇಡುವ ಮುಂಚೆ ತುದಿಗೆ ಸೋಲ್ಡರ್ ಹಚ್ಚಿಡಿ. ತುದಿ ಕಪ್ಪಾಗಿದ್ದರೆ ಶಾಖವನ್ನು 250ಕ್ಕೆ ಇಳಿಸಿ, ರಾಳವಿರುವ ತಂತಿ ಕೊಡುತ್ತಾ ಹಿತ್ತಾಳೆ ನಾರಿನಲ್ಲಿ ಉಜ್ಜಿ, ಕಲಾಯಿ ಹಿಡಿಯುವವರೆಗೆ.’

—

ಮೇಡಂ, ಕೊನೆಯ ಸಾಲಿನಲ್ಲಿ ‘ಉಜ್ಜಿ’ ನುಸುಳಿದೆ. ‘ಚುಚ್ಚಿ ತೆಗೆಯುತ್ತಿರಿ’ ಮಾಡಿಬಿಡಿ.