ಮೇಕೆ ಚರ್ಮ, ಕರಿಬೇವಿನ ಗಿಡ ಮತ್ತು 143 ಮೆಸೇಜು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು ‘ಬೇತಮಂಗಲ ಬಳಗ’. ಅಡ್ಮಿನ್ ನಾನು. ಮಾಮೂಲಿ ದಿನಗಳಲ್ಲಿ ಅಲ್ಲಿ ಶುಭೋದಯ, ಟೊಮೆಟೊ ರೇಟು, ಯಾರದೋ ಮಗುವಿನ ಮೊದಲ ಹಲ್ಲು, ಇಷ್ಟೇ. ಈ ಸಲ ಯುಗಾದಿಯ ಮಾರನೇ ದಿನ ಮಾತ್ರ ಮಧ್ಯಾಹ್ನದಿಂದ ರಾತ್ರಿ ಹನ್ನೊಂದರೊಳಗೆ 143 ಮೆಸೇಜು ಬಂದವು. ಎಲ್ಲಾ ಒಂದು ಮೇಕೆ ಚರ್ಮದ ಬಗ್ಗೆ.

ಹೊಸತೊಡಕಿಗೆ ನಾಲ್ಕು ಮನೆಯವರು ಸೇರಿ ಮೇಕೆ ಕುಯ್ಯಿಸಿದ್ದೆವು. ಮುಂಚೆ ಕುಯ್ಯುವವನೇ ಚರ್ಮ ಎತ್ತಿಕೊಂಡು ಹೋಗುತ್ತಿದ್ದ. ಅದು ಅವನ ಕೂಲಿಯಲ್ಲಿ ಸೇರಿತ್ತು. ಈ ಸಲ ‘ಇದನ್ನ ಈಗ ಕೇಳೋರಿಲ್ಲ, ನೀವೇ ಇಟ್ಟುಕೊಳ್ಳಿ’ ಎಂದು ಬೇಲಿ ಮೇಲೆ ಹಾಕಿ ಹೋದ. ನನ್ನ ತಮ್ಮ ಕಿಟ್ಟಿ ಅದನ್ನೇ ನೋಡುತ್ತಾ ನಿಂತಿದ್ದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಗುಂಪಿಗೆ ಒಂದು ವಿಡಿಯೊ ಬಿತ್ತು. 47 ಸೆಕೆಂಡಿನದು, ಹಸಿ ಚರ್ಮವನ್ನು ಕೊಳೆಯದ ಹಾಗೆ ಹದ ಮಾಡುವುದರ ಬಗ್ಗೆ.

ಕಿಟ್ಟಿ: ಮೂರು ದಿನದಲ್ಲಿ ಮನೆಯಲ್ಲೇ ಚರ್ಮ ಹದ! ನಾಲ್ಕು ಲೀಟರ್ ನೀರು, ಅರ್ಧ ಕಿಲೋ ಪಟಿಕ, ಕಾಲು ಕಿಲೋ ಉಪ್ಪು. ಅಷ್ಟೇ. ನಮ್ಮ ಮೇಕೆದೂ ಮಾಡೋಣ ಅಂತಿದ್ದೇನೆ.

ದೊಡ್ಡಮ್ಮ: ಹಬ್ಬದ ಮನೆ ಕಣೋ. ಮೊದಲು ಅದನ್ನು ಆಚೆ ಹಾಕು.

ದೊಡ್ಡಪ್ಪ: ಚರ್ಮ ಎಲ್ಲಿದೆ?

ಕಿಟ್ಟಿ: ಬೇಲಿ ಮೇಲೆ, ದೊಡ್ಡಪ್ಪ. ಒಣಗಲಿ ಅಂತ ಬಿಸಿಲಿಗೆ ಬಿಟ್ಟಿದ್ದೇನೆ.

ದೊಡ್ಡಪ್ಪ: ಕೆಟ್ಟಿತು. ಈಗಲೇ ನೆರಳಿಗೆ ತಾ. ಕಲ್ಲುಪ್ಪು ಪುಡಿ ಮಾಡಿ ಮಾಂಸದ ಕಡೆ ಪೂರ್ತಿ ತಿಕ್ಕು. ಚರ್ಮದ ತೂಕದ ಅರ್ಧದಷ್ಟಾದರೂ ಉಪ್ಪು ಬೇಕು, ಚಿಟಿಕೆ ಉದುರಿಸಿದರೆ ಆಗಲ್ಲ. ಈ ಸೆಖೆಗೆ ಸಾಯಂಕಾಲದೊಳಗೆ ಕೊಳೆಯಲು ಶುರುವಾಗುತ್ತದೆ. ಕೂದಲು ಜಗ್ಗಿದಾಗ ಕುಚ್ಚು ಕುಚ್ಚಾಗಿ ಕೈಗೆ ಬಂದರೆ ಮುಗಿಯಿತು. ಆಮೇಲೆ ಯಾವ ಪಟಿಕವೂ ಉಳಿಸಲ್ಲ.

ದೊಡ್ಡಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ರಿಟೈರ್ ಆದವರು. ಇದನ್ನು ಬರೆದದ್ದು ಜಗಲಿ ಮೇಲೆ ಕೂತು. ದೊಡ್ಡಮ್ಮ ಇದ್ದದ್ದು ಅಡುಗೆಮನೆಯಲ್ಲಿ. ನಡುವೆ ಒಂದೇ ಗೋಡೆ. ಆದರೂ ಜಗಳ ಪೂರ್ತಿ ಗುಂಪಿನಲ್ಲೇ ನಡೆಯಿತು.

ದೊಡ್ಡಮ್ಮ: ನೀವೇ ಹೇಳಿಕೊಡುತ್ತಿದ್ದೀರಲ್ಲ! ಉಪ್ಪಿನಕಾಯಿಗೆ ಅಂತ ತೆಗೆದಿಟ್ಟ ಉಪ್ಪು ಮುಟ್ಟಿದರೆ ನೋಡಿ ಮತ್ತೆ.

ದೊಡ್ಡಪ್ಪ: ಬೇಡ ಅನ್ನುವುದು ಬೇರೆ, ಕೊಳೆಸುವುದು ಬೇರೆ.

ಪ್ರೇಮಕ್ಕ: ಕಿಟ್ಟಿ, ಅದೇ ಚಾನಲ್‌ನ ಇನ್ನೊಂದು ವಿಡಿಯೊ ನೋಡಿದೆ. ಅಮೆರಿಕದ ಮೂಲನಿವಾಸಿಗಳು ಪಟಿಕವೂ ಇಲ್ಲದೆ ಪ್ರಾಣಿಯ ಮೆದುಳನ್ನೇ ಉಜ್ಜಿ, ಹೊಗೆ ಹಾಕಿ ಹದ ಮಾಡುತ್ತಾರಂತೆ. ಒಂದು ಪ್ರಾಣಿಯ ಚರ್ಮಕ್ಕೆ ಅದರ ಮೆದುಳೇ ಸಾಕಂತೆ.

ದೊಡ್ಡಮ್ಮ: ಮೆದುಳು ಬೆಳಗ್ಗೆಯೇ ಮಕ್ಕಳಿಗೆ ಹುರಿದು ಕೊಟ್ಟಾಯಿತು.

ಇಲ್ಲಿಗೆ ನಗುವ ಮುಖಗಳು ಹನ್ನೊಂದು ಬಂದವು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ಕೆಜಿಎಫ್ ಮಾವ: ಇಷ್ಟೆಲ್ಲ ಒದ್ದಾಟ ಯಾಕೆ? ಕಾರ್ಖಾನೆಯವರು ಹಾಕುವ ಕ್ರೋಮ್ ಪುಡಿ ತರಿಸು. ಒಂದೆರಡು ದಿನದ ಕೆಲಸ. ಬಿಸಿನೀರಿಗೆ ಹಾಕಿದರೂ ಮುದುಡಲ್ಲ.

ಪ್ರೇಮಕ್ಕ: ಆಮೇಲೆ ಆ ನೀಲಿ ಹಸಿರು ನೀರು ಎಲ್ಲಿಗೆ ಚೆಲ್ಲುವುದು ಮಾವ? ಚರಂಡಿಗೆ ಬಿಟ್ಟರೆ ಕೆರೆಗೆ ಹೋಗುತ್ತದೆ. ನಮ್ಮ ಕೆರೆ ಪಾಲಾರಿನದು. ನಂದಿ ಬೆಟ್ಟದ ಕಡೆ ಹುಟ್ಟಿ, ನಮ್ಮೂರು ಹಾದು ತಮಿಳುನಾಡಿಗೆ ಇಳಿಯುವ ಹೊಳೆ. ಕೆಳಗೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಕಡೆ ಚರ್ಮದ ಕಾರ್ಖಾನೆಗಳ ನೀರು ಸೇರಿ ಅದೇ ಪಾಲಾರಿನ ಗತಿ ಏನಾಯಿತು ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಬರೆದಿದೆ. ಅಲ್ಲಿ ಸಾವಿರ ಜನ ಮಾಡಿದ್ದನ್ನು ಇಲ್ಲಿ ನಾವು ಹಿತ್ತಲಲ್ಲಿ ಶುರು ಮಾಡೋಣವಾ?

ಕೆಜಿಎಫ್ ಮಾವ: ಸುಮ್ನೆ ಒಂದು ಮಾತು ಹೇಳಿದೆನಮ್ಮ. ನಾವೂ ಬೇತಮಂಗಲದ ನೀರು ಕುಡಿದೇ ಬೆಳೆದದ್ದು.

ಅದು ನಿಜ. ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಹೋಗುತ್ತಿದ್ದದ್ದು ನಮ್ಮ ಕೆರೆಯಿಂದಲೇ. ಮಾವ ಆ ವಿಷಯ ಅಲ್ಲಿಗೇ ಬಿಟ್ಟರು. ಈಗ ದೊಡ್ಡಪ್ಪನಿಗೆ ಹುರುಪು ಬಂತು.

ದೊಡ್ಡಪ್ಪ: ಆ ವಿಡಿಯೊದವನು ಹದ ಅಂದದ್ದೇ ತಪ್ಪು. ಪಟಿಕದ್ದು ಅರೆಹದ. ಚರ್ಮ ಬೆಳ್ಳಗೆ, ಮೆತ್ತಗೆ ಆಗುತ್ತದೆ, ಒಪ್ಪಿದೆ. ಆದರೆ ನೀರಿಗೆ ಬಿದ್ದರೆ ಪಟಿಕ ತೊಳೆದುಹೋಗಿ ಮತ್ತೆ ಹಸಿ ತೊಗಲೇ. ತೊಗಟೆಯ ಹದವೇ ಹದ. ತಂಗಡಿ ತೊಗಟೆ. ಬೋರೆ ಮೇಲೆಲ್ಲ ಹಳದಿ ಹೂ ಬಿಡುತ್ತದಲ್ಲ, ಅದು. ಮೊದಲು ತೆಳು ಕಷಾಯದಲ್ಲಿ ನೆನೆಸಬೇಕು, ಆಮೇಲೆ ದಿನದಿಂದ ದಿನಕ್ಕೆ ಗಟ್ಟಿ ಮಾಡಬೇಕು. ಆತುರಕ್ಕೆ ಮೊದಲೇ ಗಟ್ಟಿ ಹಾಕಿದರೆ ಮೇಲುಗಡೆ ಬಿಗಿದುಕೊಂಡು ಒಳಗೆ ಹಸಿ ಉಳಿಯುತ್ತದೆ. ಅಂಚಿನಲ್ಲಿ ಚೂರು ಕುಯ್ದು ನೋಡಬೇಕು. ನಡುವೆ ಬಿಳಿ ಗೆರೆ ಕಂಡರೆ ಇನ್ನೂ ಆಗಿಲ್ಲ ಅಂತ. ವಾರಗಟ್ಟಲೆ ಹಿಡಿಯುತ್ತದೆ. ಕಬ್ಬಿಣದ ಬಾಂಡಲಿ ಮಾತ್ರ ಮುಟ್ಟಿಸಬಾರದು, ತೊಗಟೆ ನೀರು ತಾಗಿದ ಕಡೆ ಮಸಿ ಹಾಗೆ ಕಪ್ಪಾಗುತ್ತದೆ.

ಕಿಟ್ಟಿ: ಇದೆಲ್ಲ ನಿಮಗೆ ಹೇಗೆ ಗೊತ್ತು ದೊಡ್ಡಪ್ಪ?

ದೊಡ್ಡಪ್ಪ: ನಮ್ಮ ಬಾವಿಗೆ ಕಪಿಲೆ ಇತ್ತು, ಎತ್ತು ಕಟ್ಟಿ ತೊಗಲಿನ ಬಾನಿಯಲ್ಲಿ ನೀರು ಎತ್ತುವುದು. ಆ ಬಾನಿ ಹರಿದರೆ ಹೊಲಿಯುವವರ ಹತ್ತಿರ ಅಪ್ಪ ನನ್ನ ಕೈಲೇ ಕಳಿಸುತ್ತಿದ್ದರು. ಅದು ಸರಿಯಾಗುವವರೆಗೆ ಅಲ್ಲೇ ನಿಂತು ನೋಡುತ್ತಿದ್ದೆ.

ದೊಡ್ಡಮ್ಮ: ಅದನ್ನೇ ನಾನೂ ಹೇಳುವುದು. ಆ ಕೆಲಸಕ್ಕೆ ಅಂತ ಜನ ಇದ್ದರು. ನಮ್ಮ ಮನೆಯಲ್ಲಿ ಯಾಕೆ?

ಪ್ರೇಮಕ್ಕ: ಇದ್ದರು ದೊಡ್ಡಮ್ಮ. ಅವರು ಹೊಲಿದ ಬಾನಿಯಲ್ಲಿ ಎತ್ತಿದ ನೀರು ನಮ್ಮ ಗದ್ದೆಗೆ ಆಗುತ್ತಿತ್ತು. ಅವರ ಕೈಯಿಂದ ಕೊಟ್ಟ ನೀರು ಆಗುತ್ತಿರಲಿಲ್ಲ. ಅಲ್ವಾ?

ಇಪ್ಪತ್ತೆರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ‘ದೊಡ್ಡಮ್ಮ ಟೈಪ್ ಮಾಡುತ್ತಿದ್ದಾರೆ’ ಅಂತ ಮೇಲೆ ಬರುತ್ತಿತ್ತು, ಹೋಗುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ಇಡುವ ಸದ್ದು ಸ್ವಲ್ಪ ಜಾಸ್ತಿಯಾಗಿತ್ತು. ದೊಡ್ಡಮ್ಮನ ತಕರಾರು ವಾಸನೆಯ ಬಗ್ಗೆ ಅಂತ ನಾನು ಅಂದುಕೊಂಡಿದ್ದೆ. ಬೆಳಗ್ಗೆ ಅದೇ ಮೇಕೆಯ ಕರುಳು ತೊಳೆದವರು ಅವರೇ, ವಾಸನೆಗೆ ಅಂಜುವವರಲ್ಲ.

ಕೆಜಿಎಫ್ ಮಾವ ಮಧ್ಯೆ ಬಂದು, 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ಆ ಸುದ್ದಿಯನ್ನು ಗುಂಪಿಗೆ ಮೊದಲು ಹಾಕಿದ್ದು ನಮ್ಮ ಅಕ್ಕನೇ ಎಂದು ಬರೆದರು. ಅವರಿಗೆ ಅಕ್ಕ ಅಂದರೆ ದೊಡ್ಡಮ್ಮ. ಸಮಾಧಾನ ಮಾಡಲು ಬರೆದರೋ, ಚುಚ್ಚಲು ಬರೆದರೋ ಗೊತ್ತಾಗಲಿಲ್ಲ. ದೊಡ್ಡಪ್ಪ ಅದಕ್ಕೂ ತಿದ್ದುಪಡಿ ಹಾಕಿದರು: ತಮಟೆಯದು ಹದ ಮಾಡಿದ ಚರ್ಮ ಅಲ್ಲ, ಕೂದಲು ತೆಗೆದು ಬಿಗಿದ ಹಸಿ ತೊಗಲು. ಹದ ಮಾಡಿದರೆ ಆ ಸದ್ದೇ ಬರಲ್ಲ. ಅದಕ್ಕೇ ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ತೇವ ತೆಗೆಯುವುದು.

ರಾತ್ರಿ ಒಂಬತ್ತರ ಮೇಲೆ ಚಿಕ್ಕ ಹುಡುಗರು ಸೇರಿಕೊಂಡರು. ಒಬ್ಬ ಕಾಡು ಮೊಲದ ಚರ್ಮ ಮಾಡೋಣ ಅಂದ. 1972ರ ವನ್ಯಜೀವಿ ಕಾಯ್ದೆ ಓದು, ಹುಲಿ ಉಗುರು ಹಾಕಿಕೊಂಡವರ ಕಥೆ ಮರೆತೆಯಾ ಅಂತ ನಾನೇ ಗದರಿಸಿದೆ. ಇನ್ನೊಬ್ಬ ಪಾವಗಡದಲ್ಲಿ ಓದುತ್ತಾನೆ. ಅವನ ಸ್ನೇಹಿತನ ಮಂದೆಯಲ್ಲಿ ಎರಡು ಕುರಿ ಇದ್ದಕ್ಕಿದ್ದಂತೆ ಸತ್ತಿವೆ, ಚರ್ಮ ಬಿಟ್ಟಿ ಸಿಗುತ್ತದೆ ಅಂದ. ದೊಡ್ಡಪ್ಪ ಮೆಸೇಜು ಹಾಕಲಿಲ್ಲ, ನೇರ ಅವನಿಗೆ ಫೋನ್ ಮಾಡಿದರು. ಹತ್ತು ನಿಮಿಷದ ಮೇಲೆ ಗುಂಪಿನಲ್ಲಿ ಹೀಗೆ ಬರೆದರು.

ದೊಡ್ಡಪ್ಪ: ಎಲ್ಲರೂ ಓದಿ. ತಾನಾಗಿ ಸತ್ತ ಪ್ರಾಣಿಯ ಚರ್ಮ ಸುಲಿಯಬೇಡಿ, ಮುಟ್ಟಲೂಬೇಡಿ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಇದ್ದರೆ ಮನುಷ್ಯನಿಗೂ ಬರುತ್ತದೆ. ಕೈಮೇಲೆ ಮೊದಲು ಗುಳ್ಳೆ, ಆಮೇಲೆ ಕಪ್ಪು ಹುಣ್ಣು. ಹೆಣ ಕುಯ್ದರೆ ಅದರ ಬೀಜ ಮಣ್ಣಿಗೆ ಬಿದ್ದು ಹತ್ತಾರು ವರ್ಷ ಹಾಗೇ ಇರುತ್ತದೆ. ಉಪ್ಪಿಗೂ ಸಾಯಲ್ಲ, ಸುಣ್ಣಕ್ಕೂ ಸಾಯಲ್ಲ. ಪಶು ವೈದ್ಯರಿಗೆ ಹೇಳಿ. ಇದು ತಮಾಷೆಯಲ್ಲ.

ಆ ರಾತ್ರಿ ಅದೇ ಕೊನೆಯ ಮೆಸೇಜು.

ಕಿಟ್ಟಿ ಮೂರು ದಿನ ರಜೆ ಹಾಕಿದ. ವಿಡಿಯೊದಲ್ಲಿ ಚರ್ಮ ಕೆರೆಯುವುದು ಎರಡು ಸೆಕೆಂಡು ಬರುತ್ತದೆ. ನಮಗೆ ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ಅವನು ಹುಣಸೆ ಕೊರಡಿನ ಮೇಲೆ ಚರ್ಮ ಹಾಸಿ ಮೊಂಡು ಕುಡುಗೋಲಿನಲ್ಲಿ ಕೆರೆದ, ನಾನು ಇನ್ನೊಂದು ತುದಿ ಹಿಡಿದೆ. ಕಾದ ಹಾಲಿನ ಕೆನೆಯ ಹಾಗೆ ತೆಳ್ಳಗಿನ ಪೊರೆ ಏಳುತ್ತದೆ. ಜಾರುತ್ತದೆ, ಹರಿಯುತ್ತದೆ, ಮತ್ತೆ ಅಂಚು ಹುಡುಕಬೇಕು. ಹೊಟ್ಟೆಯ ಭಾಗ ಎಷ್ಟು ತೆಳು ಅಂದರೆ ಎರಡು ಕಡೆ ತೂತೇ ಬಿತ್ತು. ಉಪ್ಪು ತೊಳೆದ ನೀರನ್ನು ಕಿಟ್ಟಿ ಬಕೆಟ್ ಸಮೇತ ಹಿತ್ತಲಿಗೆ ಸುರಿದ. ಎಲ್ಲಿಗೆ ಅಂತ ನಾನು ನೋಡಲಿಲ್ಲ.

ಪಟಿಕದ ನೀರಿನಿಂದ ತೆಗೆದು, ನೆರಳಿನಲ್ಲಿ ಹಗ್ಗಕ್ಕೆ ಹಾಕಿ ಅವನು ಬೆಂಗಳೂರಿಗೆ ಹೋದ. ಆಮೇಲಿನ ಭಾನುವಾರ ದೊಡ್ಡಪ್ಪ ಒಂದು ಫೋಟೊ ಹಾಕಿದರು. ಗೋಡೆಗೆ ಒರಗಿಸಿದ್ದ ಚರ್ಮ ತಗಡಿನ ಹಾಗೆ ತಾನೇ ನಿಂತಿತ್ತು.

ದೊಡ್ಡಪ್ಪ: ಅರೆ ಒಣಗಿದಾಗಲೇ ಎಳೆದು ಉಜ್ಜಬೇಕಿತ್ತು ಕಣೋ. ಪೂರ್ತಿ ಒಣಗುವವರೆಗೂ ಕೈ ಬಿಡಬಾರದು. ಹದ ಅಂದರೆ ಅರ್ಧ ಪಟಿಕ, ಅರ್ಧ ತೋಳು.

ಕಿಟ್ಟಿ: ಈಗ ಏನು ಮಾಡುವುದು?

ದೊಡ್ಡಪ್ಪ: ಒಳಗಡೆ ಮಾತ್ರ ಒದ್ದೆ ಬಟ್ಟೆ ಒತ್ತಿ ಮೆತ್ತಗೆ ಮಾಡುತ್ತೇನೆ. ಮೊಟ್ಟೆಯ ಹಳದಿಗೆ ಚೂರು ಎಣ್ಣೆ ಕಲಸಿ ಹಚ್ಚಿ, ಮಂಚದ ಅಂಚಿಗೆ ಹಾಕಿ ಎಳೆಯಬೇಕು. ನೀನು ಬರುವುದರೊಳಗೆ ಎಷ್ಟಾಗುತ್ತದೋ ನೋಡೋಣ.

ದೊಡ್ಡಮ್ಮ ಇದಕ್ಕೆ ಉತ್ತರವಾಗಿ ಇನ್ನೊಂದು ಫೋಟೊ ಹಾಕಿದರು. ಹನ್ನೆರಡು ವರ್ಷದ ಕರಿಬೇವಿನ ಗಿಡ. ಎಲೆಯೆಲ್ಲ ಕಂದು, ಬುಡದ ಮಣ್ಣಿನ ಮೇಲೆ ಬಿಳಿ ಉಪ್ಪಿನ ಪದರ. ಕೆಳಗೆ ಒಂದಕ್ಷರ ಬರೆದಿರಲಿಲ್ಲ. ಕಿಟ್ಟಿ ಎರಡು ಸಲ ಸಾರಿ ಹೇಳಿದ. ಎರಡಕ್ಕೂ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಮೊನ್ನೆ ಬೆಳಗ್ಗೆ 5:50ಕ್ಕೆ ದೊಡ್ಡಪ್ಪ ತೋಟದಿಂದ ಬರೆದರು.

ದೊಡ್ಡಪ್ಪ: ಮಾಲೂರು ಕಡೆಯಿಂದ ಮೋಡ ಕಟ್ಟಿದೆ. ಹಗ್ಗದ ಮೇಲಿನ ಚರ್ಮ ಯಾರಾದರೂ ಒಳಗೆ ಹಾಕಿ. ನೆನೆದರೆ ಇಷ್ಟು ದಿನದ್ದೂ ನೀರುಪಾಲು.

ದೊಡ್ಡಮ್ಮ: ಆಗಲೇ ಹಾಕಿದ್ದೇನೆ. ಕಿಟ್ಟಿ, ಬರುವಾಗ ಕರಿಬೇವಿನ ಸಸಿ ಎರಡು ತಾ.