ಎರಡೂವರೆ ವರ್ಷದ ಮಗಳ ಕೈಯಿಂದ ಮಣ್ಣೆತ್ತು ಮತ್ತು ಕಡಬು ಮಾಡಿಸುವುದು ಹೇಗೆ?

ಪ್ರಶ್ನೆ: ಕಲಬುರಗಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಕಾರಹುಣ್ಣಿಮೆ ಮುಗಿದಿದೆ, ಇನ್ನು ಹತ್ತು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕಳೆದ ವರ್ಷ ಪೇಟೆಯಿಂದ ಬಣ್ಣ ಬಳಿದ ಜೋಡೆತ್ತು ತಂದು ಜಗುಲಿಯ ಮೇಲಿಟ್ಟು ಪೂಜೆ ಮಾಡಿದ್ದೆವು. ಮಗಳು ಅವುಗಳನ್ನು ಮುಟ್ಟಲು ಹೋದಾಗಲೆಲ್ಲ ಬಣ್ಣ ಕೈಗೆ ಹತ್ತುತ್ತದೆ ಎಂದು ನಾನೇ ತಡೆದೆ. ಅವಳು ಬಾಗಿಲ ಬಳಿ ಕುಳಿತು ಎತ್ತುಗಳನ್ನು ದೂರದಿಂದಲೇ ನೋಡುತ್ತಿದ್ದದ್ದು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಜೇವರ್ಗಿ ತಾಲ್ಲೂಕಿನ ನನ್ನ ತವರಿನಲ್ಲಿ ಮುತ್ಯಾ ಹೊಲದಿಂದ ಮಣ್ಣು ತಂದು, ಮೊಮ್ಮಕ್ಕಳನ್ನೆಲ್ಲ ಅಂಗಳದಲ್ಲಿ ಸುತ್ತ ಕೂಡಿಸಿಕೊಂಡು, ಎತ್ತುಗಳ ಜೊತೆಗೆ ಅವುಗಳಿಗೆ ಮೇವು ಹಾಕುವ ಗೋದಲಿಯನ್ನೂ ಮಾಡಿಸುತ್ತಿದ್ದರು. ಈಗ ಎರಡೂವರೆ ವರ್ಷ ತುಂಬಿರುವ ನನ್ನ ಮಗಳಿಗೂ ಆ ಹಬ್ಬ ಸಿಗಬೇಕೆಂಬುದು ನನ್ನ ಆಸೆ.

ಹೋದ ವಾರ ಊರಿನಿಂದ ಎರೆ ಮಣ್ಣು ತರಿಸಿ ಒಂದು ಎತ್ತು ಮಾಡಿ ನೋಡಿದೆ. ಬಿಸಿಲಿಗೆ ಇಟ್ಟ ಎರಡೇ ತಾಸಿನಲ್ಲಿ ಅದರ ಹೊಟ್ಟೆ ಬಿರಿಯಿತು, ಸಂಜೆಗೆ ಎರಡು ಕಾಲು ಕಳಚಿದವು. ಮಣ್ಣು ಬಿರಿಯದಂತೆ ಏನು ಮಾಡಬೇಕು? ಎತ್ತಿನ ಕೋಡಿಗೆ ಹಾಕುವ ಕೋಡಬಳೆ ಮತ್ತು ನೈವೇದ್ಯದ ಕಡಬನ್ನು ಮಾಡುವಾಗಲೂ ಅವಳನ್ನು ಜೊತೆಗೆ ಕೂಡಿಸಿಕೊಳ್ಳಬಹುದೇ? ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸಿದು. ಯಾವುದರಲ್ಲಿ ಎಚ್ಚರ ಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯವರು

ತಂಗಿ, ಎತ್ತು ಬಿರಿದದ್ದು ನಿಮ್ಮ ಕೈಯ ತಪ್ಪಲ್ಲ, ಅದು ಎರೆ ಮಣ್ಣಿನ ಗುಣ. ನೀರು ಕುಡಿದಾಗ ಉಬ್ಬಿ, ಆರಿದಾಗ ಕುಗ್ಗುವ ಮಣ್ಣು ಅದು. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುವ ಮಣ್ಣು ಎತ್ತಿನ ಹೊಟ್ಟೆಯಲ್ಲಿ ಸುಮ್ಮನಿರುವುದಿಲ್ಲ. ನಾವು ಮೂರು ಪಾಲು ಎರೆ ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಸಣ್ಣ ಮರಳನ್ನೂ, ಬಿಡಿಸಿದ ಹತ್ತಿಯ ಎಳೆಗಳನ್ನು ಒಂದು ಚಿಟಿಕೆಯಷ್ಟೂ ಬೆರೆಸುತ್ತೇವೆ. ಮರಳು ಕುಗ್ಗುವಿಕೆಯನ್ನು ತಗ್ಗಿಸುತ್ತದೆ, ಎಳೆ ಮಣ್ಣನ್ನು ಹಿಡಿದಿಡುತ್ತದೆ. ಬೀದರ್ ಸುತ್ತಮುತ್ತಲಿನ ಕೆಮ್ಮಣ್ಣು ಅಷ್ಟಾಗಿ ಬಿರಿಯುವುದಿಲ್ಲ, ಆದ್ದರಿಂದ ಸಿಕ್ಕರೆ ಅರ್ಧಕ್ಕರ್ಧ ಸೇರಿಸಬಹುದು.

ಮಣ್ಣನ್ನು ಒಂದು ರಾತ್ರಿ ನೆನೆಸಿ, ಕಲ್ಲು, ಬೇರು, ಗಾಜಿನ ಚೂರು ಇಲ್ಲದಂತೆ ಬೆರಳಿನಿಂದ ಮುಟ್ಟಿ ನೋಡಿ, ರೊಟ್ಟಿಯ ಹಿಟ್ಟಿನಂತೆ ಚೆನ್ನಾಗಿ ನಾದಬೇಕು. ರಸ್ತೆಯ ಬದಿಯ ಮಣ್ಣು ಬೇಡವೇ ಬೇಡ. ಕಾಲುಗಳನ್ನು ಬೇರೆಯಾಗಿ ಮಾಡಿ ಅಂಟಿಸುವ ಬದಲು ಒಂದೇ ಮುದ್ದೆಯಿಂದ ಎಳೆದು ಗಿಡ್ಡಗೆ, ದಪ್ಪಗೆ ಇಡಿ. ಅಂಟಿಸಲೇಬೇಕಾದ ಕೋಡುಗಳಿಗೆ ಎರಡೂ ಕಡೆ ಕಡ್ಡಿಯಿಂದ ಗೀರಿ, ಮಜ್ಜಿಗೆಯಷ್ಟು ತೆಳುವಾದ ಕೆಸರು ಸವರಿ ಒತ್ತಿದರೆ ಕಳಚುವುದಿಲ್ಲ. ಬಿಸಿಲಿಗೆ ಮಾತ್ರ ಇಡಬೇಡಿ. ಮೊದಲ ದಿನ ಒದ್ದೆ ಬಟ್ಟೆ ಹೊದಿಸಿ, ಆಮೇಲೆ ಎರಡು ಮೂರು ದಿನ ನೆರಳಿನಲ್ಲಿ ಆರಲು ಬಿಡಿ.

ಉತ್ತರ 2: ಯಾದಗಿರಿ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ

ಅಕ್ಕಾವ್ರೆ, ಈ ವಯಸ್ಸಿನ ಮಗುವಿಗೆ ನಾದುವುದು, ಬಡಿಯುವುದು, ಉಂಡೆ ಕಟ್ಟುವುದು, ಬೆರಳಿನಿಂದ ತೂತು ಮಾಡುವುದು ಬರುತ್ತದೆ, ಆದರೆ ಕೋಡಿನ ಮೊನೆ ತೆಗೆಯುವುದು ಬರುವುದಿಲ್ಲ. ಆದ್ದರಿಂದ ಎತ್ತಿನ ಮೈ ನೀವು ಮಾಡಿ, ಹಿಣಿಲನ್ನು, ಅಂದರೆ ಬೆನ್ನಿನ ಮೇಲಿನ ಡುಬ್ಬವನ್ನು, ಅವಳಿಗೆ ಬಿಡಿ. ನಿಂಬೆಹಣ್ಣಿನಷ್ಟು ಮಣ್ಣು ಕೊಟ್ಟು ಎತ್ತಿನ ಬೆನ್ನಿನ ಮೇಲೆ ಒತ್ತಲು ಹೇಳಿದರೆ ಸಾಕು. ಗೋದಲಿ ಇನ್ನೂ ಸುಲಭ, ಒಂದು ಉಂಡೆಯ ನಡುವೆ ಹೆಬ್ಬೆರಳು ಊರಿದರೆ ಗೋದಲಿ ಸಿದ್ಧ. ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೂಡಿಸಬೇಡಿ, ಉಳಿದದ್ದು ನಾಳೆಗಿರಲಿ. ನಾನು ಬಹಳ ಮುಖ್ಯವೆಂದು ಹೇಳುವ ಮಾತು ಒಂದಿದೆ: ಅವಳು ಮಾಡಿದ್ದನ್ನು ಅವಳ ಕಣ್ಣೆದುರಿಗೆ ತಿದ್ದಬೇಡಿ. ಮಗು ಒತ್ತಿದ ಜಾಗವನ್ನು ದೊಡ್ಡವರು ಒದ್ದೆ ಬೆರಳಿನಿಂದ ನುಣುಪು ಮಾಡಿದರೆ, ಮರುದಿನ ಆ ಮಗು ಮಣ್ಣಿಗೆ ಕೈ ಹಾಕದೆ ನಮ್ಮ ಮುಖವನ್ನೇ ನೋಡುತ್ತಾ ಕೂಡುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಕೋಡಬಳೆ ಎತ್ತಿನ ಕೋಡಿಗೆ ಮಾತ್ರ ಇರಲಿ, ಇಷ್ಟು ಸಣ್ಣ ಮಗುವಿನ ಹಲ್ಲಿಗೆ ಅದು ಗಟ್ಟಿ. ಹಿಟ್ಟನ್ನು ಹೊಸೆಯಲು ಅವಳಿಗೆ ಕೊಡಿ, ಎಣ್ಣೆಯಲ್ಲಿ ಕರಿಯುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಇರಬಾರದು. ಅವಳು ತಿನ್ನುವುದಕ್ಕೆ ಹಬೆಯಲ್ಲಿ ಬೇಯಿಸಿದ ಕಡಬು ಮಾಡಿ. ಒಂದು ಬಟ್ಟಲು ಕಡಲೆ ಬೇಳೆಯನ್ನು ಬೆರಳಿನಲ್ಲಿ ಹಿಚುಕಿದರೆ ಮೆತ್ತಗಾಗುವಷ್ಟು ಬೇಯಿಸಿ, ಕಟ್ಟನ್ನು ಸಾರಿಗೆ ಬಸಿದಿಟ್ಟುಕೊಂಡು, ಬೇಳೆಗೆ ಅರ್ಧ ಬಟ್ಟಲು ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕೈಯಾಡಿಸಿ, ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿ. ದೊಡ್ಡವರ ಹೂರಣಕ್ಕೆ ಬೇಳೆಯಷ್ಟೇ ಬೆಲ್ಲ ಹಾಕುವುದು ರೂಢಿ, ಮಗುವಿಗೆ ಅದರ ಅರ್ಧವೇ ಸಾಕಷ್ಟು ಸಿಹಿ. ಗೋಧಿ ಹಿಟ್ಟಿನ ಪುಟ್ಟ ಹಾಳೆ ಲಟ್ಟಿಸಿಕೊಟ್ಟು, ಹೂರಣದ ಗೋಲಿಯನ್ನು ನಡುವೆ ಇಡುವುದು, ಮಡಚಿದ ಮೇಲೆ ಅಂಚನ್ನು ಒತ್ತುವುದು ಅವಳ ಕೆಲಸವಾಗಲಿ. ಹಬೆಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೆಂದರೆ ಸಾಕು. ಕಡಬಿನ ಹೊರಗಿನ ಹಾಳೆ ಬೇಗ ಆರಿದರೂ ಒಳಗಿನ ಬೆಲ್ಲದ ಹೂರಣ ಬಹಳ ಹೊತ್ತು ಸುಡುತ್ತಿರುತ್ತದೆ, ಆದ್ದರಿಂದ ಮುರಿದು, ಮುಟ್ಟಿ ನೋಡಿಯೇ ಕೊಡಿ.

ಉತ್ತರ 3: ಕಲಬುರಗಿಯಲ್ಲಿ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವ ದಾದಿ

ಮೇಲಿನ ಇಬ್ಬರೂ ಹೇಳದ ಒಂದು ವಿಷಯವನ್ನು ತುರ್ತಾಗಿ ಸೇರಿಸುತ್ತಿದ್ದೇನೆ. ಮಣ್ಣೆತ್ತಿನ ಕಣ್ಣಿಗೆ ಗುಲಗಂಜಿ ಇಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ದಯವಿಟ್ಟು ಮಗುವಿರುವ ಮನೆಯಲ್ಲಿ ಗುಲಗಂಜಿಯನ್ನು ತರಲೇಬೇಡಿ. ಅದರೊಳಗೆ ಅಬ್ರಿನ್ ಎಂಬ ಕಡು ವಿಷವಿದೆ, ಕಾಳನ್ನು ಅಗಿದು ನುಂಗಿದರೆ ಮಗುವಿನ ಜೀವಕ್ಕೇ ಅಪಾಯ. ಹಾಗೇನಾದರೂ ಆದರೆ ಲಕ್ಷಣ ಕಾಣಿಸಲಿ ಎಂದು ಕಾಯದೆ, ಉಳಿದ ಕಾಳುಗಳನ್ನು ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಬರಬೇಕು. ಅದರ ಬದಲು ಕಣ್ಣಿಗೆ ಜೋಳದ ಕಾಳು ಇಟ್ಟರೆ ಅದು ವಿಷವಲ್ಲ, ಆದರೆ ಮೂಗಿಗೆ ತುರುಕಿಕೊಳ್ಳಲು ಅದು ಸರಿಯಾದ ಅಳತೆ. ಕಡ್ಡಿಯ ತುದಿಯಿಂದ ಚುಚ್ಚಿದ ಗುಳಿಯೇ ಎತ್ತಿಗೆ ಕಣ್ಣಾಗಲಿ.

ಶೇಂಗಾ, ಪುಟಾಣಿ, ಗೋಡಂಬಿಗಳನ್ನು ಇಡಿಯಾಗಿ ಐದು ವರ್ಷದವರೆಗೆ ಕೊಡಬಾರದು, ಏಕೆಂದರೆ ಅವು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಶೇಂಗಾ ಉಂಡಿ ಮಾಡುವುದಾದರೆ ನುಣ್ಣಗೆ ಪುಡಿ ಮಾಡಿದ್ದಿರಲಿ. ಅಕ್ಕಪಕ್ಕದ ಮನೆಯ ಎರಡು ವರ್ಷದೊಳಗಿನ ಕೂಸುಗಳು ಬಂದರೆ ಬೆಲ್ಲ ಹಾಕದ ಬೇಳೆಯ ತುತ್ತನ್ನೇ ಕೊಡಿ. ಮಣ್ಣಿನ ಬದಲು ಮೈದಾ ಹಿಟ್ಟಿಗೆ ಅರ್ಧದಷ್ಟು ಉಪ್ಪು ಕಲಸಿ ಗೊಂಬೆ ಮಾಡಿಸುವವರಿದ್ದಾರೆ, ಆದರೆ ಅದನ್ನು ನುಂಗುವ ಮಗುವಿಗೆ ಅಷ್ಟು ಉಪ್ಪು ಮಣ್ಣಿಗಿಂತ ಕೆಟ್ಟದ್ದು. ಮಣ್ಣಿನಾಟ ಮುಗಿದ ಮೇಲೆ ಉಗುರಿನ ಸಂದಿಯನ್ನೂ ಸಾಬೂನಿನಿಂದ ತೊಳೆಯಿರಿ. ಒಂದು ದಿನ ಮಣ್ಣು, ಇನ್ನೊಂದು ದಿನ ಸ್ನಾನ ಮುಗಿದ ಮೇಲೆ ಕಡಬು ಎಂದು ಇಟ್ಟುಕೊಂಡರೆ ನಿಮಗೂ ಹಗುರ.

ಪ್ರಶ್ನೆ ಕೇಳಿದ ತಾಯಿ, ಅಮಾವಾಸ್ಯೆಯ ರಾತ್ರಿ

ನಿಮ್ಮೆಲ್ಲರಿಗೂ ಮನಃಪೂರ್ವಕ ವಂದನೆಗಳು. ಮರಳು, ಹತ್ತಿ ಬೆರೆಸಿದ ಮಣ್ಣು ಬಿರಿಯಲಿಲ್ಲ. ನನ್ನ ಜೋಡೆತ್ತಿನ ಪಕ್ಕದಲ್ಲಿ ಮಗಳು ತಾನೇ ಒಂದು ಎತ್ತು ಮಾಡಿದಳು. ಅದಕ್ಕೆ ಕೋಡು ಒಂದೇ, ಹಿಣಿಲಿನ ಮೇಲೆ ಅವಳ ಹೆಬ್ಬೆರಳಿನ ಗೆರೆಗಳು ಹಾಗೆಯೇ ಆರಿ ನಿಂತಿವೆ. ಒದ್ದೆ ಕೈಯಿಂದ ಒಮ್ಮೆ ಸವರಬೇಕೆಂದು ನನ್ನ ಬೆರಳು ಹೋಯಿತು, ಆದರೆ ಅಂಗನವಾಡಿಯ ಅಕ್ಕನ ಮಾತು ನೆನಪಾಗಿ ಹಿಂದೆ ತೆಗೆದುಕೊಂಡೆ. ಕಡಬಿನ ಅಂಚು ಬಿಟ್ಟು ಹೂರಣ ಹೊರಬಂದವೆಲ್ಲ ಅವಳು ಒತ್ತಿದವು, ಅವನ್ನೇ ನೈವೇದ್ಯಕ್ಕೆ ಇಟ್ಟೆವು. ಪೂಜೆಯಾದ ಮೇಲೆ ಅವಳು ತನ್ನ ಪಾಲಿನ ಕಡಬಿನಲ್ಲಿ ಒಂದು ಚೂರು ಮುರಿದು ಗೋದಲಿಗೆ ಹಾಕಿ, ಎತ್ತು ತಿನ್ನಲಿ ಎಂದು ಬಹಳ ಹೊತ್ತು ಮುಂದೆಯೇ ಕುಳಿತಿದ್ದಳು.

ಸಂಜೆ ಎತ್ತಿಕೊಂಡು ತಿರುಗುವಾಗ ಅವಳ ಎತ್ತಿನ ಒಂದು ಕಾಲು ಮುರಿಯಿತು. ತುಂಬಾ ಅತ್ತಳು. ಕೆಸರು ಹಚ್ಚಿ ಅಂಟಿಸಿದರೆ ನಿಲ್ಲುತ್ತದೆಯೇ?

ಹುಮನಾಬಾದ್ ಕಡೆಯವರು

ಒಣಗಿದ ಮಣ್ಣಿಗೆ ಹಸಿ ಕೆಸರು ಹಿಡಿಯುವುದಿಲ್ಲ ತಂಗಿ, ಮುರಿದ ಕಾಲು ಹಾಗೆಯೇ ಇರಲಿ. ನಾವು ಚಿಕ್ಕವರಿದ್ದಾಗ ಅಮಾವಾಸ್ಯೆಯ ಮರುದಿನ ಒಂದು ಎತ್ತಿನ ಕಾಲನ್ನು ಬೇಕೆಂದೇ ಮುರಿದು, ಕುಂಟೆತ್ತು ಬಂದಿದೆ ಎಂದು ಕೂಗುತ್ತಾ ಮನೆಮನೆಗೆ ಹೋಗಿ ಜೋಳ ಕೇಳುತ್ತಿದ್ದೆವು. ಅವಳ ಎತ್ತು ಈಗ ಕುಂಟೆತ್ತಾಗಿದೆ. ನಾಳೆ ಒಂದು ಮೊರದಲ್ಲಿ ಅದನ್ನಿಟ್ಟು, ನಿಮ್ಮ ಓಣಿಯ ನಾಲ್ಕು ಮನೆಗೆ ಕರೆದುಕೊಂಡು ಹೋಗಿ. ಹಿರಿಯರಿದ್ದ ಮನೆಯಲ್ಲಿ ಏಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ, ಒಂದು ಹಿಡಿ ಜೋಳ ತಂದು ಮೊರಕ್ಕೆ ಹಾಕುತ್ತಾರೆ.