ಗೋಲ್ಡನ್ ವೀಸಾ ಬಂದ ಮೇಲೆ ದಿನ ಎಣಿಸುವ ಕೆಲಸ ನಮ್ಮದೇ

ಎಲ್ಲರಿಗೂ ನಮಸ್ಕಾರ. ಶಾರ್ಜಾದ ಅಕ್ಕ ಒಬ್ಬರು ನಿನ್ನೆ ಕೇಳಿದ ಪ್ರಶ್ನೆಗೆ ಎರಡು ಸಾಲಿನ ಉತ್ತರ ಸಾಲದು, ಅದಕ್ಕೇ ಉದ್ದವಾಗಿ ಬರೀತಿದ್ದೀನಿ. ಅವರ ಯಜಮಾನರಿಗೆ ಯುಎಇಯ 10 ವರ್ಷದ ಗೋಲ್ಡನ್ ವೀಸಾ (ದೀರ್ಘಾವಧಿ ವಾಸದ ಪರವಾನಗಿ) ಬಂದಿದೆ. ಮಕ್ಕಳು ಇನ್ನು ಮುಂದೆ ಅಜ್ಜಿ ತಾತನ ಹತ್ತಿರ ಮೈಸೂರಿನಲ್ಲಿ ಓದಲಿ ಅಂತ ಅಕ್ಕ ಅವರನ್ನು ಕರ್ಕೊಂಡು ಊರಿಗೆ ಹೋಗೋ ಯೋಚನೆಯಲ್ಲಿದ್ದಾರೆ. ಯಜಮಾನರು ಅಲ್ಲೂ ಇಲ್ಲೂ ಓಡಾಡಿಕೊಂಡು, ಊರಲ್ಲಿದ್ದಾಗ ಲ್ಯಾಪ್‌ಟಾಪಿನಲ್ಲೇ ಆಫೀಸ್ ಕೆಲಸ ಮಾಡ್ತಾರಂತೆ. "ವೀಸಾ ಇರೋವರೆಗೂ ನಾವು ಎನ್‌ಆರ್‌ಐ ತಾನೆ?" ಅನ್ನೋದು ಅವರ ಪ್ರಶ್ನೆ.

ಅಲ್ಲ ಅಕ್ಕ. ಯುಎಇಯಲ್ಲಿ ಇರಬಹುದು ಅನ್ನೋದಷ್ಟೇ ವೀಸಾ ಹೇಳೋದು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನೀವು ಭಾರತದ ನೆಲದಲ್ಲಿ ಎಷ್ಟು ದಿನ ಇದ್ದಿರಿ ಅಂತ ನಮ್ಮ ಆದಾಯ ತೆರಿಗೆ ಇಲಾಖೆ ನೋಡುತ್ತೆ. ಮಾಮೂಲಿ ರೆಸಿಡೆನ್ಸ್ ವೀಸಾದಲ್ಲಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾನೇ ಹೋಗ್ತಿತ್ತು, ಆ ಹೆದರಿಕೆಗೆ ಜನ ವಾಪಸ್ ಬರ್ತಿದ್ದರು. ಗೋಲ್ಡನ್ ವೀಸಾಗೆ ಆ ಕಟ್ಟಳೆ ಇಲ್ಲ. ಎಷ್ಟು ತಿಂಗಳಾದರೂ ಊರಲ್ಲಿರಬಹುದು, ಯಾರೂ ಕೇಳಲ್ಲ. ನನಗೆ ಭಯ ಇರೋದೂ ಅಲ್ಲೇ.

ಲೆಕ್ಕ ಹೀಗೆ. ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ರೆಸಿಡೆಂಟ್, ಅಂದರೆ ತೆರಿಗೆ ಲೆಕ್ಕದಲ್ಲಿ ಭಾರತದ ನಿವಾಸಿ. ಊರಿಗೆ ಬಂದುಹೋಗುವ ಭಾರತೀಯರ ಭಾರತದ ಆದಾಯ 15 ಲಕ್ಷ ದಾಟಿದರೆ, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇಲ್ಲಿ ಇದ್ದವರಿಗೆ ಗಡಿ 120 ದಿನಕ್ಕೆ ಇಳಿಯುತ್ತೆ. 2020ರ ಬಜೆಟ್‌ನಲ್ಲಿ ಬಂದ ನಿಯಮ ಇದು. ಬಂದ ದಿನ, ಹೊರಟ ದಿನ ಎರಡನ್ನೂ ಎಣಿಸಿಕೊಳ್ಳಿ, ಅದೇ ಕ್ಷೇಮ.

ರೆಸಿಡೆಂಟ್ ಆದ ತಕ್ಷಣ ದುಬೈ ಸಂಬಳಕ್ಕೆಲ್ಲ ತೆರಿಗೆ ಬೀಳುತ್ತೆ ಅಂತ ಗಾಬರಿ ಬೇಡ. ಬಹಳ ವರ್ಷ ಹೊರಗಿದ್ದು ಬಂದವರಿಗೆ ಆರ್‌ಎನ್‌ಒಆರ್ (ರೆಸಿಡೆಂಟ್ ಆದರೂ ಪೂರ್ತಿ ರೆಸಿಡೆಂಟ್ ಅಲ್ಲ) ಅನ್ನೋ ನಡುವಿನ ಹಂತ ಇದೆ. ಹಿಂದಿನ 10 ವರ್ಷದಲ್ಲಿ 9 ವರ್ಷ ಎನ್‌ಆರ್‌ಐ ಆಗಿದ್ದರೆ, ಇಲ್ಲವೇ ಹಿಂದಿನ 7 ವರ್ಷದಲ್ಲಿ ಭಾರತದಲ್ಲಿ ಕಳೆದದ್ದು 729 ದಿನ ಮೀರದಿದ್ದರೆ ಅದು ಸಿಗುತ್ತೆ. ಆ ಹಂತದಲ್ಲಿ ಹೊರದೇಶದಲ್ಲಿ ದುಡಿದ ಹಣಕ್ಕೆ ಇಲ್ಲಿ ತೆರಿಗೆ ಇಲ್ಲ. ಸಾಮಾನ್ಯವಾಗಿ ಎರಡು ಮೂರು ವರ್ಷ ಉಸಿರಾಡೋಕೆ ಜಾಗ ಸಿಗುತ್ತೆ, ಆಮೇಲೆ ಮುಗೀತು.

ಆದರೆ ಲ್ಯಾಪ್‌ಟಾಪ್ ಕೆಲಸದ ವಿಷಯ ಬೇರೆ, ಇದನ್ನು ಗಮನವಿಟ್ಟು ಓದಿ. ಮೈಸೂರಿನ ಮನೆಯಲ್ಲಿ ಕೂತು ಮಾಡಿದ ಕೆಲಸದ ಸಂಬಳ ದುಬೈ ಬ್ಯಾಂಕಿಗೇ ಬಿದ್ದರೂ, ಅದು ಭಾರತದಲ್ಲಿ ಗಳಿಸಿದ ಹಣ ಅಂತ ಕಾನೂನು ನೋಡುತ್ತೆ. ಎನ್‌ಆರ್‌ಐಗೂ ಇದೇ ಮಾತು. ಆ 15 ಲಕ್ಷದ ಲೆಕ್ಕಕ್ಕೂ ಈ ಹಣ ಸೇರುತ್ತೆ. ಭಾರತ ಮತ್ತು ಯುಎಇ ನಡುವಿನ ತೆರಿಗೆ ಒಪ್ಪಂದದಲ್ಲಿ ವಿನಾಯಿತಿ ಪಡೆಯೋ ದಾರಿ ಇದೆ, ಆದರೆ ಅದು ಯುಎಇ ರೆಸಿಡೆಂಟ್ ಆಗಿರೋರಿಗೆ. ಯುಎಇಯ ಸ್ವಂತ ಕಾನೂನಿನ ಪ್ರಕಾರ ವೀಸಾ ಇದ್ದು, ಅಲ್ಲಿ ಮನೆಯೋ ಕೆಲಸವೋ ಇದ್ದರೆ 12 ತಿಂಗಳಲ್ಲಿ 90 ದಿನ ಸಾಕು, 2023ರ ಮಾರ್ಚ್‌ನಿಂದ ಹಾಗಿದೆ. ಒಪ್ಪಂದ ಕೇಳೋದು ಮಾತ್ರ ಜನವರಿಯಿಂದ ಡಿಸೆಂಬರ್‌ವರೆಗೆ ಕನಿಷ್ಠ 183 ದಿನ. 90 ದಿನ ಇದ್ದೆ, ಯುಎಇಯ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ಸಿಕ್ತು ಅಂತ ನಿಶ್ಚಿಂತೆಯಾಗಿ ಇರಬೇಡಿ. ನನ್ನ ಮಾತು ಕೇಳೋದಾದರೆ, ಯಜಮಾನರು ಊರಿಗೆ ಬಂದಾಗ ರಜೆ ಹಾಕಿಯೇ ಬರಲಿ. ಮಕ್ಕಳಿಗೂ ಅಪ್ಪ ಪೂರ್ತಿ ಸಿಕ್ಕ ಹಾಗಾಗುತ್ತೆ.

ಈಗ ಅಕ್ಕ, ನಿಮ್ಮ ವಿಷಯ. ಇದನ್ನು ಯಾರೂ ಹೇಳಲ್ಲ. ಗಂಡ ಹೆಂಡತಿಯ ದಿನಗಳ ಲೆಕ್ಕ ಬೇರೆ ಬೇರೆ. ಅವರು ಎನ್‌ಆರ್‌ಐ ಆಗಿಯೇ ಉಳಿದರೂ ಮಕ್ಕಳ ಜೊತೆ ಮೈಸೂರಿನಲ್ಲಿರೋ ನೀವು ಮೊದಲು ಆರ್‌ಎನ್‌ಒಆರ್, ಆಮೇಲೆ ಪೂರ್ತಿ ರೆಸಿಡೆಂಟ್ ಆಗ್ತೀರಿ. ಆಗ ದುಬೈನ ಜಂಟಿ ಖಾತೆ, ನಿಮ್ಮ ಹೆಸರೂ ಇರೋ ಫ್ಲ್ಯಾಟ್, ಎಲ್ಲವನ್ನೂ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಬೇಕು. ತೋರಿಸದೇ ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಕಪ್ಪುಹಣ ಅಂದ ತಕ್ಷಣ ನಮಗಲ್ಲ ಅಂತ ಎಲ್ಲರೂ ಅಂದುಕೊಳ್ಳೋದು. ನ್ಯಾಯವಾಗಿ ದುಡಿದ ಹಣವಾದರೂ ಘೋಷಣೆ ಬೇಕೇ ಬೇಕು. ನೆಲೆಸೋಕೆ ಅಂತ ಊರಿಗೆ ಬಂದ ಮೇಲೆ ಹೊರದೇಶದ ದುಡಿಮೆ ಇಡೋ ನಿಮ್ಮ ಎನ್‌ಆರ್‌ಇ ಖಾತೆಯನ್ನೂ ಮಾಮೂಲಿ ಖಾತೆಯಾಗಿ ಬದಲಾಯಿಸಬೇಕು, ಅದರ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿ ಅಲ್ಲಿಗೆ ನಿಲ್ಲುತ್ತೆ.

ಮಕ್ಕಳ ಹೆಸರಿನಲ್ಲಿ ಠೇವಣಿ ಇಟ್ಟರೆ ತೆರಿಗೆ ತಪ್ಪುತ್ತೆ ಅಂತ ಮಸ್ಕತ್‌ನ ಅಣ್ಣ ಬರೆದಿದ್ದರು. ತೆರಿಗೆ ತಪ್ಪೋದಿಲ್ಲ ಅಣ್ಣ. 18 ತುಂಬುವವರೆಗೆ ಅದರ ಬಡ್ಡಿ ಅಪ್ಪ ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೇ ಸೇರುತ್ತೆ.

ಎನ್‌ಆರ್‌ಒ (ಎನ್‌ಆರ್‌ಐಗಳು ಭಾರತದ ಆದಾಯ ಇಡೋ ಖಾತೆ) ಠೇವಣಿಯ ಬಡ್ಡಿಗೆ ಬ್ಯಾಂಕಿನವರು 30 ಪರ್ಸೆಂಟ್ ತೆರಿಗೆ ಮತ್ತು ಸೆಸ್ ಹಿಡೀತಾರೆ. ಒಪ್ಪಂದದ ಪ್ರಕಾರ ಅದು 12.5ಕ್ಕೆ ಇಳಿಯುತ್ತೆ, ಯುಎಇ ಫೆಡರಲ್ ಟ್ಯಾಕ್ಸ್ ಅಥಾರಿಟಿಯ ರೆಸಿಡೆನ್ಸಿ ಸರ್ಟಿಫಿಕೇಟನ್ನು ಪ್ರತಿ ವರ್ಷ ಬ್ಯಾಂಕಿಗೆ ಕೊಡಬೇಕು.

ಮೈಸೂರಿನ ಸೈಟ್ ಮಾರೋ ವಿಚಾರ ಕೊನೆಗೆ ಕೇಳಿದ್ದಿರಿ. ಎನ್‌ಆರ್‌ಐ ಆಗಿರುವಾಗ ಮಾರಿದರೆ ಕೊಂಡವರು ದೀರ್ಘಾವಧಿ ಲಾಭಕ್ಕೆ 12.5 ಪರ್ಸೆಂಟ್ ತೆರಿಗೆ ಮತ್ತು ಸೆಸ್ ಹಿಡಿಯಬೇಕು. ಲಾಭದ ಲೆಕ್ಕ ಗೊತ್ತಿಲ್ಲ ಅಂತ ಎಷ್ಟೋ ಜನ ಪೂರ್ತಿ ಬೆಲೆಯ ಮೇಲೇ ಹಿಡಿದುಬಿಡ್ತಾರೆ. ಕಮ್ಮಿ ತೆರಿಗೆ ಹಿಡಿಯೋ ಸರ್ಟಿಫಿಕೇಟ್‌ಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಿ, ಅದು ಕೈಗೆ ಬಂದ ಮೇಲೆ ರಿಜಿಸ್ಟ್ರೇಷನ್ ದಿನ ಇಟ್ಟುಕೊಳ್ಳಿ. ಈ ಗುಂಪಿನಲ್ಲಿ ಇತ್ತೀಚೆಗೆ ಆ ಸರ್ಟಿಫಿಕೇಟ್ ಮಾಡಿಸಿಕೊಂಡವರು ಇದ್ದರೆ, ಎಷ್ಟು ವಾರ ಹಿಡೀತು, ಏನೇನು ಕಾಗದ ಕೇಳಿದರು ಅಂತ ಇಲ್ಲೇ ಬರೀರಿ, ಅಕ್ಕ ಜೂನ್ ಒಳಗೆ ಹೊರಡಬೇಕಂತೆ.